ಗೋದಾಮಿನಲ್ಲಿ ಸಿರಪ್ ಉಳಿದಿದೆ, ಮಾರುಕಟ್ಟೆಯಲ್ಲಿ ಮಾತ್ರೆ ಇಲ್ಲ: ಸಣ್ಣ ಔಷಧ ಘಟಕ ಬೇಡಿಕೆಯನ್ನು ಅಂದಾಜಿಸುವುದು ಹೇಗೆ?

ಪ್ರಶ್ನೆ: ಹುಬ್ಬಳ್ಳಿಯಲ್ಲಿ ನಮ್ಮದೊಂದು ಸಣ್ಣ ಔಷಧ ತಯಾರಿಕಾ ಘಟಕವಿದೆ. ಮಾತ್ರೆ ಮತ್ತು ಸಿರಪ್ ಸೇರಿ 26 ಉತ್ಪನ್ನಗಳು, ಉತ್ತರ ಕರ್ನಾಟಕದ ಏಳು ಜಿಲ್ಲೆಗಳಲ್ಲಿ ಸುಮಾರು 40 ಸ್ಟಾಕಿಸ್ಟರು (ಅಂಗಡಿಗಳಿಗೆ ಔಷಧ ಮಾರುವ ಸಗಟು ವಿತರಕರು). 2025ರ ಸೆಪ್ಟೆಂಬರ್‌ನಲ್ಲಿ ನಮ್ಮ 100 ಮಿ.ಲೀ. ಕೆಮ್ಮಿನ ಸಿರಪ್ 12,600 ಬಾಟಲಿ ಹೊರಟಿತು. ಚಳಿಗಾಲ ಬರುತ್ತಿದೆಯೆಂದು ಅಕ್ಟೋಬರ್‌ನಲ್ಲಿ ಮೂರು ಬ್ಯಾಚ್ ಮಾಡಿದೆವು. ಡಿಸೆಂಬರ್ ಮುಗಿದಾಗ ಅದರಲ್ಲಿ 21,000 ಬಾಟಲಿ ಗೋದಾಮಿನಲ್ಲೇ ಉಳಿದಿದ್ದವು. ಅದೇ ಹೊತ್ತಿಗೆ ಮಧುಮೇಹದ ಮೆಟ್ಫಾರ್ಮಿನ್ ಮಾತ್ರೆ ಸಿಗುತ್ತಿಲ್ಲವೆಂದು ಸ್ಟಾಕಿಸ್ಟರು ದಿನವೂ ಫೋನ್ ಮಾಡಿ ಬೈಯುತ್ತಿದ್ದಾರೆ. ಜಿಂಕ್ ಸಿರಪ್ ತಿಂಗಳಿಗೆ 700 ಬಾಟಲಿಯಷ್ಟೇ ಹೋಗುತ್ತದೆ, ಪ್ರತಿ ವರ್ಷ ಒಂದಷ್ಟು ಅವಧಿ ಮೀರಿ ಹಾಳಾಗುತ್ತದೆ. ಎಂಬಿಎ ಮುಗಿಸಿ ಬಂದಿರುವ ಮಗ, ವರ್ಷಕ್ಕೆ ಮೂರೂವರೆ ಲಕ್ಷ ರೂಪಾಯಿಯ ಕೃತಕ ಬುದ್ಧಿಮತ್ತೆಯ ತಂತ್ರಾಂಶ ಕೊಂಡರೆ ಎಲ್ಲವೂ ಸರಿಹೋಗುತ್ತದೆ ಎನ್ನುತ್ತಾನೆ. ನಮ್ಮಂಥ ಸಣ್ಣವರಿಗೆ ಬೇಡಿಕೆಯ ಅಂದಾಜು ಸಾಧ್ಯವೇ? ಅಥವಾ ಅದು ದೊಡ್ಡ ಕಂಪನಿಗಳ ಆಟವೇ? ಸರ್ಕಾರಿ ಟೆಂಡರಿಗೂ ಇದೇ ಲೆಕ್ಕ ಹಚ್ಚಬಹುದೇ? ನಮ್ಮ ರವಾನೆಯ ಲೆಕ್ಕ ಮತ್ತು ಸ್ಟಾಕಿಸ್ಟರಿಂದ ಸಿಕ್ಕ ಸ್ಟೇಟ್‌ಮೆಂಟ್‌ಗಳನ್ನು ಜೊತೆಗೆ ಕಳುಹಿಸಿದ್ದೇನೆ.

ಉತ್ತರ: ಮಾನ್ಯರೇ, ನೀವು ಮೂರು ತೊಂದರೆಗಳನ್ನು ಒಂದೇ ಉಸಿರಿನಲ್ಲಿ ಹೇಳಿದ್ದೀರಿ, ಮೂರಕ್ಕೂ ಅಂದಾಜು ತಪ್ಪಿದ್ದೇ ಕಾರಣವೆಂದು ಭಾವಿಸಿದ್ದೀರಿ. ಕಾಗದಪತ್ರಗಳನ್ನು ನೋಡಿದ ಮೇಲೆ ನನಗೆ ಹಾಗೆ ಅನ್ನಿಸುತ್ತಿಲ್ಲ. ಕೆಮ್ಮಿನ ಸಿರಪ್‌ನದು ತಪ್ಪು ಅಂಕಿಯನ್ನು ನಂಬಿದ ತೊಂದರೆ, ಮೆಟ್ಫಾರ್ಮಿನ್‌ನದು ಹಣ ಬೇರೆ ಕಡೆ ಸಿಕ್ಕಿಕೊಂಡ ತೊಂದರೆ, ಜಿಂಕ್ ಸಿರಪ್‌ನದು ಬ್ಯಾಚ್ ಗಾತ್ರದ ತೊಂದರೆ. ಈ ಮೂರನೆಯದನ್ನು ಜಗತ್ತಿನ ಯಾವ ತಂತ್ರಾಂಶವೂ ಬಗೆಹರಿಸಲಾರದು.

ನೀವು ಕಳುಹಿಸಿದ ಅಂಕಿಗಳಿಂದಲೇ ಪ್ರಾರಂಭಿಸೋಣ. 2025ರ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಕೆಮ್ಮಿನ ಸಿರಪ್ ನಿಮ್ಮ ಘಟಕದಿಂದ ಹೊರಟದ್ದು ಕ್ರಮವಾಗಿ 4,200, 3,900, 14,500, 2,100, 1,800 ಮತ್ತು 12,600 ಬಾಟಲಿ. ಈ ಸಾಲನ್ನು ಮಾತ್ರ ನೋಡಿದವರು ಈ ಉತ್ಪನ್ನದ ಬೇಡಿಕೆಗೆ ತಲೆಬುಡವಿಲ್ಲ ಎಂದುಕೊಳ್ಳುತ್ತಾರೆ, ಏಕೆಂದರೆ ಅತಿ ಕಡಿಮೆ ತಿಂಗಳಿಗೂ ಅತಿ ಹೆಚ್ಚು ತಿಂಗಳಿಗೂ ಎಂಟು ಪಟ್ಟು ಅಂತರವಿದೆ. ಆದರೆ ಅದೇ ಆರು ತಿಂಗಳಲ್ಲಿ ಸ್ಟಾಕಿಸ್ಟರು ಔಷಧ ಅಂಗಡಿಗಳಿಗೆ ಮಾರಿದ್ದೆಷ್ಟು? ಪ್ರತಿ ತಿಂಗಳ ಆರಂಭದ ದಾಸ್ತಾನಿಗೆ ಆ ತಿಂಗಳ ಖರೀದಿಯನ್ನು ಕೂಡಿಸಿ, ಕೊನೆಯ ದಾಸ್ತಾನನ್ನು ಕಳೆದರೆ ಉತ್ತರ ಸಿಗುತ್ತದೆ. ಏಪ್ರಿಲ್ ಆರಂಭದಲ್ಲಿ ಎಲ್ಲ ಸ್ಟಾಕಿಸ್ಟರ ಬಳಿ ಒಟ್ಟು 7,000 ಬಾಟಲಿ ಇತ್ತು. ಅಲ್ಲಿಂದ ಲೆಕ್ಕ ಹಿಡಿದರೆ ಮಾರಾಟ 4,600, 4,400, 6,300, 8,200, 6,900, 5,700. ಅಂತರ ಎರಡು ಪಟ್ಟಿಗಿಂತಲೂ ಕಡಿಮೆ. ಮಳೆ ಹಿಡಿದ ಜೂನ್‌ನಲ್ಲಿ ಏರಿ, ಜುಲೈಯಲ್ಲಿ ತುದಿ ಮುಟ್ಟಿ, ನಿಧಾನವಾಗಿ ಇಳಿಯುವ ಸಾಧುವಾದ ರೇಖೆ ಇದು. ಈ ಸಾಲು ನಿಮ್ಮ ಕಡತದಲ್ಲೇ ಇತ್ತು, ಆದರೆ ಅದನ್ನು ಯಾರೂ ಕೂಡಿಸಿ ನೋಡಿರಲಿಲ್ಲ.

ಹಾಗಾದರೆ ರವಾನೆಯ ಅಂಕಿ ಏಕೆ ಅಷ್ಟು ಕುಣಿಯಿತು? ಜೂನ್‌ನ 14,500ಕ್ಕೆ ಕಾರಣ ನಿಮ್ಮ ಪತ್ರದ ಎರಡನೇ ಪುಟದಲ್ಲಿದೆ: ತ್ರೈಮಾಸಿಕದ ಗುರಿ ಮುಟ್ಟಲು ಹತ್ತಕ್ಕೆ ಎರಡು ಉಚಿತವೆಂಬ ಸ್ಕೀಮ್ ಬಿಟ್ಟಿರಿ, ಸ್ಟಾಕಿಸ್ಟರು ಎರಡು ತಿಂಗಳಿಗಾಗುವಷ್ಟನ್ನು ಒಮ್ಮೆಗೇ ತುಂಬಿಕೊಂಡರು. ಅವರ ಬಳಿ ಜೂನ್ ಕೊನೆಗೆ 14,300 ಬಾಟಲಿ ಇದ್ದುದರಿಂದ ಜುಲೈಯಲ್ಲಿ, ನಿಜವಾದ ಮಾರಾಟ ಅತಿ ಹೆಚ್ಚಿದ್ದ ತಿಂಗಳಿನಲ್ಲೇ, ನಿಮ್ಮಿಂದ ಕೊಂಡದ್ದು ಬರಿಯ 2,100. ಆಗಸ್ಟ್ ಮತ್ತು ಸೆಪ್ಟೆಂಬರ್‌ನದು ಇನ್ನೊಂದು ಕಥೆ. ಜಿಎಸ್‌ಟಿ ಇಳಿಯಲಿದೆಯೆಂಬ ಸೂಚನೆ ಆಗಸ್ಟ್ 15ರಂದು ಬಂತು, ಸೆಪ್ಟೆಂಬರ್ 3ರಂದು ಜಿಎಸ್‌ಟಿ ಮಂಡಳಿ ತೀರ್ಮಾನಿಸಿತು, ಸೆಪ್ಟೆಂಬರ್ 22ರಿಂದ ಬಹುತೇಕ ಔಷಧಗಳ ಮೇಲಿನ ತೆರಿಗೆ ಶೇ 12ರಿಂದ ಶೇ 5ಕ್ಕೆ ಇಳಿಯಿತು. ಹೆಚ್ಚಿನ ತೆರಿಗೆಯ ಸರಕನ್ನು ಕೈಯಲ್ಲಿ ಇಟ್ಟುಕೊಳ್ಳಲು ಯಾವ ವ್ಯಾಪಾರಿ ತಾನೇ ಬಯಸುತ್ತಾನೆ? ಆಗಸ್ಟ್ ಕೊನೆಗೆ ನಿಮ್ಮ ಸ್ಟಾಕಿಸ್ಟರ ಬಳಿ ಉಳಿದಿದ್ದು 3,100 ಬಾಟಲಿ ಮಾತ್ರ. 22ರ ನಂತರ ಎಲ್ಲರೂ ಒಟ್ಟಿಗೆ ಕಪಾಟು ತುಂಬಿಸಿಕೊಂಡದ್ದೇ ನಿಮ್ಮ 12,600. ಅದು ತಡೆಹಿಡಿದಿದ್ದ ಖರೀದಿ ಒಮ್ಮೆಗೇ ಬಿಡುಗಡೆಯಾದದ್ದು. ನೀವು ಅದನ್ನು ಚಳಿಗಾಲದ ಮುನ್ಸೂಚನೆಯೆಂದು ಓದಿಕೊಂಡಿರಿ. 2017ರ ಜುಲೈ 1ರಂದು ಜಿಎಸ್‌ಟಿ ಜಾರಿಗೆ ಬರುವ ಮುನ್ನವೂ ಸ್ಟಾಕಿಸ್ಟರು ಇದೇ ರೀತಿ ದಾಸ್ತಾನು ಇಳಿಸಿದ್ದರು.

ಬಾರುಕೋಲಿನ ಹಿಡಿಯನ್ನು ನಾಲ್ಕು ಬೆರಳಷ್ಟು ಅಲುಗಿಸಿದರೆ ತುದಿ ಮಾರುದ್ದ ಬೀಸುತ್ತದೆ. ಸರಬರಾಜಿನ ಸರಪಳಿಯಲ್ಲಿ ರೋಗಿ ಮತ್ತು ಅಂಗಡಿಯವರು ಹಿಡಿಯ ಬಳಿ ಇದ್ದರೆ, ತಯಾರಕರಾದ ನೀವು ತುದಿಯಲ್ಲಿದ್ದೀರಿ. ಇದಕ್ಕೆ ಔದ್ಯಮಿಕ ವಲಯದಲ್ಲಿ ಬುಲ್‌ವಿಪ್ ಎಂಬ ಹೆಸರೇ ಇದೆ. ಆದ್ದರಿಂದ ನನ್ನ ಮೊದಲ ಸಲಹೆ, ಇನ್ನು ಮುಂದೆ ರವಾನೆಯ ಅಂಕಿಯನ್ನು ಅಂದಾಜಿಗೆ ಬಳಸಬೇಡಿ. ಸ್ಟಾಕಿಸ್ಟರ ದಾಸ್ತಾನು ಮತ್ತು ಮಾರಾಟ ತಿಳಿಸುವ ಸ್ಟಾಕ್ ಅಂಡ್ ಸೇಲ್ಸ್ ಸ್ಟೇಟ್‌ಮೆಂಟನ್ನು ಪ್ರತಿ ತಿಂಗಳ 5ನೇ ತಾರೀಖಿನೊಳಗೆ ತರಿಸಿಕೊಳ್ಳಿ. 40 ಜನರಿಂದಲೂ ಬರುವುದಿಲ್ಲವೆಂಬುದು ನನಗೆ ಗೊತ್ತು. ನಿಮ್ಮ ವ್ಯಾಪಾರದ ಮುಕ್ಕಾಲು ಪಾಲು ಹೊತ್ತಿರುವ ಹತ್ತು ಹನ್ನೆರಡು ಜನ ತಪ್ಪದೆ ಕಳುಹಿಸಿದರೆ ಸಾಕು, ಉಳಿದವರದನ್ನು ಅದೇ ಪ್ರಮಾಣದಲ್ಲಿ ಊಹಿಸಬಹುದು. ಹಾಳೆಯನ್ನು ಮೆಡಿಕಲ್ ರೆಪ್ ಕೈಯಲ್ಲಿ ಬರೆಸಿಕೊಂಡು ತರುವುದಕ್ಕಿಂತ ಸ್ಟಾಕಿಸ್ಟರ ಬಿಲ್ಲಿಂಗ್ ತಂತ್ರಾಂಶದಿಂದ ನೇರವಾಗಿ ಬರುವುದು ಒಳ್ಳೆಯದು. ಕೈಬರಹದ ಹಾಳೆಯಲ್ಲಿ ಕೊನೆಯ ದಾಸ್ತಾನು ಪ್ರತಿ ತಿಂಗಳೂ ಗುಂಡಗಿನ ಅಂಕಿಯೇ ಆಗಿರುವುದನ್ನು ನಾನು ಸಾಕಷ್ಟು ಕಂಡಿದ್ದೇನೆ.

ಈ ಮಾರಾಟದ ಅಂಕಿಯನ್ನೂ ಕಣ್ಣು ಮುಚ್ಚಿ ನಂಬಬಾರದು. ಸೆಪ್ಟೆಂಬರ್‌ನ ಮಧ್ಯದಲ್ಲಿ ಹಲವು ಸ್ಟಾಕಿಸ್ಟರ ಬಳಿ ಸರಕೇ ಇರಲಿಲ್ಲ. ಅಂಗಡಿಯವರು ಕೇಳಿ ವಾಪಸಾದದ್ದು ಯಾವ ಹಾಳೆಯಲ್ಲೂ ದಾಖಲಾಗುವುದಿಲ್ಲ. 5,700 ಎಂಬುದು ಮಾರಿದ್ದು, ಬೇಡಿಕೆ ಅದಕ್ಕಿಂತ ಹೆಚ್ಚೇ ಇದ್ದಿರಬೇಕು. ನಿಮ್ಮ ಮೆಟ್ಫಾರ್ಮಿನ್‌ನ ಕಳೆದ ಮೂರು ತಿಂಗಳ ಅಂಕಿಯಂತೂ ಕೊರತೆಯ ಅಂಕಿಯೇ. ಸರಕಿಲ್ಲದ ತಿಂಗಳ ಮಾರಾಟವನ್ನು ಬೇಡಿಕೆಯೆಂದು ತಿಳಿದು ಮುಂದಿನ ತಿಂಗಳಿಗೆ ಕಡಿಮೆ ತಯಾರಿಸಿದರೆ, ಕೊರತೆ ಇನ್ನೊಂದು ಕೊರತೆಯನ್ನು ಹೆರುತ್ತಾ ಹೋಗುತ್ತದೆ. ಅಂಥ ತಿಂಗಳುಗಳಿಗೆ ಹಾಳೆಯಲ್ಲಿ ಕೆಂಪು ಗುರುತು ಹಾಕಿ, ಸರಾಸರಿಯಿಂದ ಹೊರಗಿಡಿ.

ಅಕ್ಟೋಬರ್‌ಗೆ ಬರೋಣ. ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷಕಾರಿ ರಾಸಾಯನಿಕ ಬೆರೆತ ಕೆಮ್ಮಿನ ಸಿರಪ್ ಕುಡಿದ ಮಕ್ಕಳ ಸಾವಿನ ಸುದ್ದಿ ಆ ತಿಂಗಳ ಮೊದಲ ವಾರದಲ್ಲಿ ದೇಶವನ್ನೆಲ್ಲ ಆವರಿಸಿತು. ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು–ನೆಗಡಿಯ ಔಷಧ ಕೊಡಬಾರದೆಂದು ಕೇಂದ್ರ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ ಸಲಹಾಸೂಚಿ ಹೊರಡಿಸಿತು. ವೈದ್ಯರು ಬರೆಯುವುದನ್ನು ಕಡಿಮೆ ಮಾಡಿದರು, ತಾಯಂದಿರು ಕೇಳುವುದನ್ನೇ ನಿಲ್ಲಿಸಿದರು. ಇದನ್ನು ನೀವಾಗಲಿ ನಾನಾಗಲಿ ಮೊದಲೇ ಊಹಿಸಲು ಸಾಧ್ಯವಿರಲಿಲ್ಲ, ಆ ಬಗ್ಗೆ ನಿಮ್ಮನ್ನು ನೀವು ಹಳಿದುಕೊಳ್ಳಬೇಡಿ. ಆದರೆ ಈ ಸುದ್ದಿ ಬಾರದಿದ್ದರೂ ಮೂರು ಬ್ಯಾಚ್, ಅಂದರೆ 29,400 ಬಾಟಲಿ, ಹೆಚ್ಚೇ ಆಗುತ್ತಿತ್ತು. ತಿಂಗಳಿಗೆ 5,000ದಿಂದ 6,000 ಮಾರಾಟವಾಗುವ, ಸ್ಟಾಕಿಸ್ಟರ ಬಳಿ ಆಗಲೇ 10,000 ಇರುವ ಉತ್ಪನ್ನಕ್ಕೆ ಒಂದು ಬ್ಯಾಚ್ ಧಾರಾಳವಾಗಿತ್ತು. 2025ರ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಅಂಕಿಗಳನ್ನೂ ಮುಂದಿನ ವರ್ಷದ ಲೆಕ್ಕಕ್ಕೆ ಹಾಗೆಯೇ ತೆಗೆದುಕೊಳ್ಳಬೇಡಿ; ಭಯದ ತಿಂಗಳುಗಳೂ ಬೇಡಿಕೆಯ ಸಾಮಾನ್ಯ ತಿಂಗಳುಗಳಲ್ಲ.

ಈಗ ಆ 21,000 ಬಾಟಲಿಗಳ ಗತಿಯೇನು? ನೀವು ಹೆದರಿದಷ್ಟು ಕೆಟ್ಟದಾಗಿಲ್ಲ. ಜನವರಿಯಿಂದ ಮಾರ್ಚ್‌ವರೆಗೆ ತಿಂಗಳಿಗೆ 4,000, ಏಪ್ರಿಲ್–ಮೇಯಲ್ಲಿ 4,500ರಂತೆ ಹೋದರೂ ಮೇ ಕೊನೆಗೆ ಗೋದಾಮು ಖಾಲಿಯಾಗುತ್ತದೆ. 24 ತಿಂಗಳ ಬಾಳಿಕೆಯಲ್ಲಿ ಆಗ ಹದಿನಾರು ತಿಂಗಳಾದರೂ ಉಳಿದಿರುತ್ತದೆ, ಯಾವ ಸ್ಟಾಕಿಸ್ಟರೂ ತಕರಾರು ಮಾಡಲಾರರು. ಮೇ ತಿಂಗಳ ಮೊದಲು ಹೊಸ ಬ್ಯಾಚ್ ಹಾಕಬೇಡಿ, ಅಷ್ಟೆ. ಎಲ್ಲಕ್ಕಿಂತ ಮುಖ್ಯವಾಗಿ, ಇದನ್ನು ಖಾಲಿ ಮಾಡಲು ಮತ್ತೊಂದು ಸ್ಕೀಮ್ ಬಿಡಬೇಡಿ. ಹಾಗೆ ತುಂಬಿದ ಸರಕು ನಿಮ್ಮ ಗೋದಾಮಿನಿಂದ ಅವರ ಗೋದಾಮಿಗೆ ಹೋಗುತ್ತದೆಯೇ ಹೊರತು ರೋಗಿಯ ಮನೆಗಲ್ಲ, ಮತ್ತು ಅದರಲ್ಲೊಂದು ಪಾಲು ಒಂದೂವರೆ ವರ್ಷದ ನಂತರ ಎಕ್ಸ್‌ಪೈರಿಯಾಗಿ, ಹಣ ವಾಪಸಿಗೆ ಕ್ರೆಡಿಟ್ ನೋಟ್ ಕೇಳಿಕೊಂಡು ನಿಮ್ಮ ಬಾಗಿಲಿಗೇ ಬರುತ್ತದೆ.

ಸಿರಪ್ ನಿಮಗೆ ಮಾಡಿದ ನಿಜವಾದ ಹಾನಿ ಬೇರೆ ಇದೆ. ಬಾಟಲಿಗೆ 18 ರೂಪಾಯಿ ತಯಾರಿಕಾ ವೆಚ್ಚವೆಂದು ನೀವು ಬರೆದಿದ್ದೀರಿ. ಅಂದರೆ 3,78,000 ರೂಪಾಯಿ ಗೋದಾಮಿನಲ್ಲಿ ಕುಳಿತಿದೆ. ಮೆಟ್ಫಾರ್ಮಿನ್‌ನ ಕಚ್ಚಾವಸ್ತು ಮಾರುವವರು ಮುಂಗಡ ಕೇಳಿದಾಗ ನಿಮ್ಮ ಬಳಿ ಇಲ್ಲದಿದ್ದದ್ದು ಈ ಹಣವೇ. ದೊಡ್ಡ ಕಂಪನಿಯಲ್ಲಿ ಒಂದು ಉತ್ಪನ್ನದ ಅಂದಾಜು ತಪ್ಪಿದರೆ ಆ ಉತ್ಪನ್ನಕ್ಕೆ ಮಾತ್ರ ಪೆಟ್ಟು. ಸಣ್ಣ ಘಟಕದಲ್ಲಿ ಎಲ್ಲ ಉತ್ಪನ್ನಗಳೂ ಒಂದೇ ಓವರ್‌ಡ್ರಾಫ್ಟ್ ಖಾತೆಯ ನೀರು ಕುಡಿಯುವುದರಿಂದ, ಒಂದರ ಅತಿಯಾಸೆ ಇನ್ನೊಂದರ ಕೊರತೆಯಾಗುತ್ತದೆ. ಇಲ್ಲಿ ಪೆಟ್ಟು ತಿಂದದ್ದು ಯಾವುದು ನೋಡಿ. ಕೆಮ್ಮಿನ ಸಿರಪ್ ಸಿಗದ ಗಿರಾಕಿ ಅಂದು ಇನ್ನೊಂದು ಬ್ರ್ಯಾಂಡ್ ಕೊಳ್ಳುತ್ತಾನೆ. ನಿಮಗೆ ಹೋಗುವುದು ಆ ಬಾಟಲಿಯ 12 ರೂಪಾಯಿ ಲಾಭ. ಮಧುಮೇಹದ ರೋಗಿಗೆ ಎರಡು ಸಲ ನಿಮ್ಮ ಮಾತ್ರೆ ಸಿಗದಿದ್ದರೆ ವೈದ್ಯರು ಚೀಟಿಯಲ್ಲಿ ಹೆಸರನ್ನೇ ಬದಲಾಯಿಸುತ್ತಾರೆ, ಆಮೇಲೆ ಆ ರೋಗಿ ವರ್ಷಗಟ್ಟಲೆ ನಿಮ್ಮ ಕಡೆಗೆ ತಿರುಗಿ ನೋಡುವುದಿಲ್ಲ. ಹೀಗಾಗಿ ಎಷ್ಟು ಮಾರಾಟವಾಗಬಹುದು ಎಂಬುದರ ಜೊತೆಗೇ, ಈ ಉತ್ಪನ್ನದಲ್ಲಿ ಹೆಚ್ಚು ತಯಾರಿಸಿ ತಪ್ಪುವುದು ಅಗ್ಗವೋ ಕಡಿಮೆ ತಯಾರಿಸಿ ತಪ್ಪುವುದು ಅಗ್ಗವೋ ಎಂದು 26ಕ್ಕೂ ಒಂದೊಂದಾಗಿ ಕೇಳಿಕೊಳ್ಳಬೇಕು. ದೀರ್ಘಕಾಲದ ಕಾಯಿಲೆಯ ಮಾತ್ರೆಗಳಲ್ಲಿ ಒಂದಿಷ್ಟು ಹೆಚ್ಚಾಗಿ ತಪ್ಪಬಹುದು, ಹೇಗೂ ಮುಂದಿನ ತಿಂಗಳು ಹೋಗುತ್ತವೆ. ಋತುಮಾನದ ಸಿರಪ್‌ಗಳಲ್ಲಿ, ವಿಶೇಷವಾಗಿ ಋತು ಮುಗಿಯುವ ಹೊತ್ತಿನಲ್ಲಿ, ಕಡಿಮೆಯಾಗಿ ತಪ್ಪುವುದೇ ಮೇಲು.

ಮೆಟ್ಫಾರ್ಮಿನ್‌ನ ಲೆಕ್ಕ ಸರಳವಾದದ್ದು. ಕೊರತೆಗೆ ಮುಂಚೆ ತಿಂಗಳಿಗೆ ಸುಮಾರು 40,000 ಸ್ಟ್ರಿಪ್ ಹೋಗುತ್ತಿತ್ತು, ಏರಿಳಿತ ನಾಲ್ಕು ಸಾವಿರದ ಆಸುಪಾಸು. ಕಚ್ಚಾವಸ್ತು ಬರಲು ಮೂರು ವಾರ, ಅದರ ಪರೀಕ್ಷೆಗೆ ಒಂದು ವಾರ, ತಯಾರಿಸಿ, ಪ್ಯಾಕ್ ಮಾಡಿ, ಗುಣಮಟ್ಟ ವಿಭಾಗ ಬಿಡುಗಡೆ ಮಾಡಲು ಎರಡು ವಾರ ಎಂದರೆ ಒಟ್ಟು ಒಂದೂವರೆ ತಿಂಗಳು. ಅಷ್ಟು ಕಾಲದ ಮಾರಾಟ 60,000. ಅದರ ಮೇಲೆ, ನೂರರಲ್ಲಿ 95 ಸಲ ಕೈಕೊಡದಂತೆ ಇರಬೇಕಾದ ಆಸರೆಯ ದಾಸ್ತಾನು, ಏರಿಳಿತದ 4,000ವನ್ನು 1.65ರಿಂದಲೂ (95 ಸಲಕ್ಕೆ ಸಂಖ್ಯಾಶಾಸ್ತ್ರ ಕೊಡುವ ಗುಣಕ) ಕಾಯುವ ತಿಂಗಳುಗಳಾದ ಒಂದೂವರೆಯ ವರ್ಗಮೂಲದಿಂದಲೂ ಗುಣಿಸಿದಾಗ ಬರುವ ಸುಮಾರು 8,000. ನಿಮ್ಮ ಗೋದಾಮಿನ ಸ್ಟ್ರಿಪ್‌ಗಳೂ ಆಗಲೇ ಆರ್ಡರ್ ಮಾಡಿರುವ ಕಚ್ಚಾವಸ್ತುವಿನಿಂದ ಆಗಲಿರುವ ಸ್ಟ್ರಿಪ್‌ಗಳೂ ಸೇರಿ 68,000ಕ್ಕೆ ಇಳಿದ ದಿನವೇ ಮುಂದಿನ ಆರ್ಡರ್ ಹೋಗಬೇಕು. ಇಂಥ ಉತ್ಪನ್ನಕ್ಕೆ ಅಂದಾಜಿನ ಚಾತುರ್ಯ ಬೇಕಾಗಿಲ್ಲ, ಈ ಒಂದು ಗೆರೆ ದಾಟಿತೋ ಇಲ್ಲವೋ ಎಂದು ವಾರಕ್ಕೊಮ್ಮೆ ನೋಡುವ ಒಬ್ಬ ಮನುಷ್ಯ ಬೇಕು.

ಋತುಮಾನದ ಉತ್ಪನ್ನಗಳಿಗೆ ಹೋದ ವರ್ಷದ ಅದೇ ತಿಂಗಳನ್ನು ಹಿಡಿದು, ಈ ವರ್ಷದ ಬೆಳವಣಿಗೆಯಿಂದ ಗುಣಿಸುವ ಹಳೆಯ ವಿಧಾನವೇ ಸಾಕು. ಕಳೆದ ಏಪ್ರಿಲ್–ಮೇಯಲ್ಲಿ ನಿಮ್ಮ ಕೆಮ್ಮಿನ ಸಿರಪ್ 9,000 ಹೋಗಿತ್ತು. ಮುಂಬರುವ ಏಪ್ರಿಲ್–ಮೇಯಲ್ಲಿ 9,450 ಹೋದರೆ ಬೆಳವಣಿಗೆ ಶೇ 5, ಜುಲೈಯ ಅಂದಾಜು 8,200ರ ಬದಲು 8,610. ಆದರೆ ದಯವಿಟ್ಟು 8,610 ಎಂಬ ಒಂಟಿ ಅಂಕಿಯನ್ನು ಉತ್ಪಾದನಾ ವಿಭಾಗಕ್ಕೆ ಕೊಡಬೇಡಿ. ಅಂದಾಜು ಶೇ 15ರಷ್ಟು ಅತ್ತಿತ್ತ ಆಗುವುದು ಈ ವರ್ಗದಲ್ಲಿ ಸಹಜವೆಂದು ಹಿಡಿದರೆ ಅದು 7,300ರಿಂದ 9,900. ನಿಮ್ಮ ಬ್ಯಾಚ್ 9,800 ಬಾಟಲಿಯದು. ಈ ಇಡೀ ವ್ಯಾಪ್ತಿಗೂ ಒಂದೇ ಬ್ಯಾಚ್ ಎಂಬುದೇ ಉತ್ತರ. ಅಂದಾಜಿನ ಕೊನೆಯ ನೂರು ಬಾಟಲಿಗೆ ತಲೆ ಕೆಡಿಸಿಕೊಳ್ಳುವುದು ಎಷ್ಟು ವ್ಯರ್ಥವೆಂದು ಇದರಿಂದ ತಿಳಿಯುತ್ತದೆ. ನಿಮ್ಮಂಥವರು ತೀರ್ಮಾನಿಸಬೇಕಾದದ್ದು ಬಾಟಲಿಗಳಲ್ಲಲ್ಲ, ಬ್ಯಾಚ್‌ಗಳಲ್ಲಿ. ಬ್ಯಾಚ್ ಹಾಕುವ ದಿನವನ್ನು ಲೆಕ್ಕ ಹಾಕುವಾಗ, ಆ ಡೈಎಥಿಲೀನ್ ಗ್ಲೈಕಾಲ್ ಬೆರೆತು ಬರಬಹುದಾದ ಗ್ಲಿಸರಿನ್ ಮತ್ತು ಪ್ರೊಪಿಲೀನ್ ಗ್ಲೈಕಾಲ್‌ನ ಪ್ರತಿ ಲಾಟಿನ ಪರೀಕ್ಷೆಗೆ ಬೇಕಾದ ದಿನಗಳನ್ನೂ ಸೇರಿಸಿ. ಅವಸರದಲ್ಲಿ ಅದನ್ನು ಹಾರಿಸುವ ಪರಿಸ್ಥಿತಿ ನಿಮ್ಮ ಯೋಜನೆಯಿಂದ ಎಂದೂ ಹುಟ್ಟಬಾರದು.

ಮೆಡಿಕಲ್ ರೆಪ್‌ಗಳನ್ನು ಕೇಳಿ ಅಂದಾಜು ಮಾಡುವ ಪದ್ಧತಿಯ ಬಗ್ಗೆ ಒಂದು ಮಾತು. ಹುಡುಗರು ಸುಳ್ಳು ಹೇಳುತ್ತಾರೆಂದಲ್ಲ. ಅವರನ್ನು ನೀವು ಕೇಳುವುದು ಅಂದಾಜು, ಅವರಿಗೆ ಕೇಳಿಸುವುದು ಗುರಿ. ಗುರಿ ತಗ್ಗಲೆಂದು ಕೆಲವರು ಕಡಿಮೆ ಹೇಳುತ್ತಾರೆ, ಸರಕಿನ ಕೊರತೆ ಆಗದಿರಲೆಂದು ಕೆಲವರು ಏರಿಸಿ ಹೇಳುತ್ತಾರೆ. ಗುರಿಯ ಹಾಳೆ ಮತ್ತು ಅಂದಾಜಿನ ಹಾಳೆ ಬೇರೆ ಬೇರೆಯಾಗಿರಲಿ. ಅವರಿಂದ ಅಂಕಿಯನ್ನು ಕೇಳುವ ಬದಲು, ಅಂಕಿಯಲ್ಲಿ ಕಾಣದ ಸುದ್ದಿಯನ್ನು ಕೇಳಿ: ಗದಗದಲ್ಲಿ ಹೊಸ ಮಕ್ಕಳ ವೈದ್ಯರು ಬಂದಿದ್ದಾರೆಯೇ, ಪ್ರತಿಸ್ಪರ್ಧಿಯ ಸರಕು ನಿಂತಿದೆಯೇ, ಯಾವುದಾದರೂ ಆಸ್ಪತ್ರೆ ನಿಮ್ಮ ಬ್ರ್ಯಾಂಡನ್ನು ಪಟ್ಟಿಯಿಂದ ತೆಗೆಯಿತೇ?

ಜಿಂಕ್ ಸಿರಪ್‌ನ ವಿಷಯ. ಬ್ಯಾಚ್ 9,800, ತಿಂಗಳ ಮಾರಾಟ 700, ಅಂದರೆ ಒಂದು ಬ್ಯಾಚ್ ಹದಿನಾಲ್ಕು ತಿಂಗಳು ಬರುತ್ತದೆ. ಬಾಳಿಕೆ 24 ತಿಂಗಳು. ತಯಾರಾಗಿ ಬಿಡುಗಡೆಯಾಗಲು ಒಂದು ತಿಂಗಳು ಹೋಯಿತು. ಒಂದು ವರ್ಷಕ್ಕಿಂತ ಕಡಿಮೆ ಉಳಿದ ಸರಕಿಗೆ ಸ್ಟಾಕಿಸ್ಟರು ಮುಖ ಸಿಂಡರಿಸುತ್ತಾರೆ. ನಿಮ್ಮ ಗೋದಾಮಿನಿಂದ ಸಲೀಸಾಗಿ ಹೊರಡಲು ಇರುವುದು ಹನ್ನೊಂದು ತಿಂಗಳು, ಅಷ್ಟರಲ್ಲಿ ಹೋಗುವುದು 7,700. ಅಂದಾಜು ನೂರಕ್ಕೆ ನೂರು ಸರಿಯಾಗಿದ್ದರೂ ಪ್ರತಿ ಬ್ಯಾಚಿನಲ್ಲಿ ಎರಡು ಸಾವಿರ ಬಾಟಲಿ ಇಕ್ಕಟ್ಟಿಗೆ ಸಿಕ್ಕೇ ಸಿಗುತ್ತವೆ. ಇದಕ್ಕೆ ದಾರಿಗಳಿವೆ, ಪ್ರತಿಯೊಂದಕ್ಕೂ ಅದರದೇ ತೊಡಕಿದೆ. ಬ್ಯಾಚ್ ಗಾತ್ರವನ್ನು ಅರ್ಧಕ್ಕೆ ಇಳಿಸಬಹುದು. ಆದರೆ ಹೊಸ ಗಾತ್ರಕ್ಕೆ ಪ್ರೊಸೆಸ್ ವ್ಯಾಲಿಡೇಶನ್ ದಾಖಲೆ (ಆ ಗಾತ್ರದಲ್ಲೂ ತಯಾರಿಕೆ ಪ್ರತಿ ಸಲ ಸರಿಯಾಗುತ್ತದೆಂಬ ಪುರಾವೆ) ಬೇಕು, ಔಷಧ ತಯಾರಿಕೆಯ ಗುಣಮಟ್ಟದ ನಿಯಮವಾದ ಪರಿಷ್ಕೃತ ಶೆಡ್ಯೂಲ್ ಎಂ ಬಂದ ಮೇಲೆ ತಪಾಸಣೆಯವರು ಮೊದಲು ಕೇಳುವುದೇ ಇಂಥ ಕಾಗದಗಳನ್ನು, ಮತ್ತು ಬಾಟಲಿಯೊಂದರ ವೆಚ್ಚ ಏರುತ್ತದೆ. ಸಣ್ಣ ಬ್ಯಾಚ್ ಮಾಡುವ ಬೇರೆ ಘಟಕದಿಂದ ಮಾಡಿಸಿಕೊಳ್ಳಬಹುದು. ಆಗ ಗುಣಮಟ್ಟದ ಮೇಲಿನ ನಿಮ್ಮ ಹಿಡಿತ ಸಡಿಲವಾಗುತ್ತದೆ, ಹೆಸರು ಮಾತ್ರ ನಿಮ್ಮದೇ ಆಗಿರುತ್ತದೆ. ಉತ್ಪನ್ನವನ್ನೇ ಕೈಬಿಡಬಹುದು, ಆದರೆ ಅದು ಬೆಲೆ ನಿಯಂತ್ರಣದ ಪಟ್ಟಿಯಲ್ಲಿರುವ ಔಷಧವಾಗಿದ್ದರೆ 2013ರ ಔಷಧ ಬೆಲೆ ನಿಯಂತ್ರಣ ಆದೇಶದಂತೆ ಕನಿಷ್ಠ ಆರು ತಿಂಗಳು ಮುಂಚಿತವಾಗಿ ಸರ್ಕಾರಕ್ಕೆ ತಿಳಿಸಿ, ಸಾರ್ವಜನಿಕ ಪ್ರಕಟಣೆ ಕೊಡಬೇಕಾಗುತ್ತದೆ. ನಿಮ್ಮ ಜಾಗದಲ್ಲಿ ನಾನಿದ್ದರೆ ಕೈಬಿಡುತ್ತಿದ್ದೆ. 26 ಉತ್ಪನ್ನಗಳಲ್ಲಿ ಇಂಥವು ಇನ್ನೂ ಐದಾರು ಇರಬಹುದೆಂದು ನನ್ನ ಅನುಮಾನ. ಪ್ರತಿಯೊಂದಕ್ಕೂ ಇದೇ ಭಾಗಾಕಾರ ಮಾಡಿ ನೋಡಿ.

ಫಾಯಿಲ್, ಲೇಬಲ್, ಕಾರ್ಟನ್‌ಗಳ ಬಗ್ಗೆಯೂ ಎಚ್ಚರ ಬೇಕು. ಕಿಲೋಗೆ ಹತ್ತಿಪ್ಪತ್ತು ರೂಪಾಯಿ ಉಳಿಯುತ್ತದೆಂದು ವರ್ಷಕ್ಕಾಗುವಷ್ಟು ಮುದ್ರಿತ ಫಾಯಿಲ್ ತರಿಸುವ ಚಟ ನಮ್ಮ ಉದ್ಯಮದಲ್ಲಿ ಎಲ್ಲರಿಗೂ ಇದೆ. ನಾನು ಬೆಂಗಳೂರಿನ ಒಂದು ಘಟಕದ ಯೋಜನಾ ವಿಭಾಗದಲ್ಲಿದ್ದಾಗ ಹಾಗೆಯೇ ತರಿಸಿದ್ದೆ. 2016ರ ಮಾರ್ಚ್ 10ರಂದು ಕೇಂದ್ರ ಸರ್ಕಾರ 344 ಸಂಯೋಜಿತ (ಒಂದಕ್ಕಿಂತ ಹೆಚ್ಚು ಔಷಧ ಬೆರೆಸಿದ) ಔಷಧಗಳನ್ನು ನಿಷೇಧಿಸಿದಾಗ ನಮ್ಮದೂ ಅದರಲ್ಲಿತ್ತು. ಮುಂದೆ ನ್ಯಾಯಾಲಯದಲ್ಲಿ ಏನೇನೋ ನಡೆಯಿತಾದರೂ ಆ ಫಾಯಿಲ್ ಸುರುಳಿಗಳು ಸ್ಟೋರಿನ ಮೂಲೆಯಲ್ಲಿ ಧೂಳು ತಿನ್ನುತ್ತಾ ಬಹಳ ಕಾಲ ನನ್ನನ್ನೇ ನೋಡುತ್ತಿದ್ದವು. ಅಂದಿನಿಂದ ಮೂರು ತಿಂಗಳಿಗಿಂತ ಹೆಚ್ಚಿನ ಮುದ್ರಿತ ಸಾಮಗ್ರಿಗೆ ನಾನು ಸಹಿ ಹಾಕಿಲ್ಲ.

ಸರ್ಕಾರಿ ಟೆಂಡರಿಗೂ ಇದೇ ಲೆಕ್ಕ ಹಚ್ಚಬಹುದೇ ಎಂದು ಕೊನೆಯಲ್ಲಿ ಕೇಳಿದ್ದೀರಿ. ಹಚ್ಚಬೇಡಿ. ಮೂರು ತಿಂಗಳು ಸೊನ್ನೆ, ಆಮೇಲೆ ಒಮ್ಮೆಗೇ 60,000 ಎಂಬ ಸಾಲಿನ ಸರಾಸರಿ 15,000 ಎಂಬುದು ಯಾವ ತಿಂಗಳಿಗೂ ನಿಜವಲ್ಲ. ಟೆಂಡರ್‌ನಲ್ಲಿ ನಮೂದಿಸಿದ ಪ್ರಮಾಣ ಸಾಮಾನ್ಯವಾಗಿ ಅವರ ಅಂದಾಜು, ನಿಮಗೆ ಸಿಕ್ಕ ಆರ್ಡರ್ ಅಲ್ಲ. ಖರೀದಿ ಆದೇಶ ಕೈಗೆ ಬಂದ ಮೇಲೆಯೇ ಬ್ಯಾಚ್ ಹಾಕಿ. ಮೊದಲೇ ಮಾಡಿಟ್ಟರೆ ಪೂರೈಕೆಯ ದಿನ ಇಷ್ಟು ಬಾಳಿಕೆ ಉಳಿದಿರಬೇಕೆಂಬ ಷರತ್ತಿಗೆ ಸಿಕ್ಕಿ ತಿರಸ್ಕೃತವಾಗಬಹುದು. ತಡವಾದರೆ ದಂಡವಿರುವುದರಿಂದ ಬೇಗ ಸಿಗದ ಕಚ್ಚಾವಸ್ತುವನ್ನು ಮಾತ್ರ, ಅದೂ ನಿಮ್ಮ ಬೇರೆ ಉತ್ಪನ್ನಕ್ಕೂ ಬಳಸಬಹುದಾದದ್ದನ್ನು, ಮುಂಚಿತವಾಗಿ ಇಟ್ಟುಕೊಳ್ಳಬಹುದು.

ಇನ್ನು ನಿಮ್ಮ ಮಗನ ತಂತ್ರಾಂಶ. ಹುಡುಗನ ಉತ್ಸಾಹಕ್ಕೆ ತಣ್ಣೀರೆರಚಬೇಡಿ, ಆದರೆ ಈ ವರ್ಷ ಬೇಡ. ರವಾನೆಯ ಅಂಕಿಗಳನ್ನು ಅದಕ್ಕೆ ಉಣಿಸಿದ್ದರೆ ಅದು ಕೂಡ ಸೆಪ್ಟೆಂಬರ್‌ನ 12,600ನ್ನು ನೋಡಿ, ನಿಮಗಿಂತ ಹೆಚ್ಚಿನ ಆತ್ಮವಿಶ್ವಾಸದಿಂದ, ಮೂರು ಬ್ಯಾಚ್ ಮಾಡಿ ಎನ್ನುತ್ತಿತ್ತು. ಈ ಕೆಲಸವನ್ನು ಅವನಿಗೇ ವಹಿಸಿ: ಹನ್ನೆರಡು ದೊಡ್ಡ ಸ್ಟಾಕಿಸ್ಟರ ಎರಡು ವರ್ಷದ ಸ್ಟೇಟ್‌ಮೆಂಟ್‌ಗಳನ್ನು ಎಕ್ಸೆಲ್ ಹಾಳೆಗೆ ತರಲಿ, ಸ್ಕೀಮ್ ಇದ್ದ ತಿಂಗಳು, ಸರಕಿಲ್ಲದ ತಿಂಗಳು, ತೆರಿಗೆ ಬದಲಾದ ತಿಂಗಳುಗಳಿಗೆ ಗುರುತು ಹಾಕಲಿ, ಪ್ರತಿ ತಿಂಗಳ ಅಂದಾಜನ್ನು ಮೊದಲೇ ಬರೆದಿಟ್ಟು, ತಿಂಗಳು ಮುಗಿದ ಮೇಲೆ ತಿದ್ದದೆ ಪಕ್ಕದಲ್ಲಿ ನಿಜವಾದ ಮಾರಾಟವನ್ನು ಬರೆಯಲಿ. ಅಂದಾಜು ಒಮ್ಮೆ ಹೆಚ್ಚು ಒಮ್ಮೆ ಕಡಿಮೆ ಆಗುತ್ತಿದ್ದರೆ ಚಿಂತೆಯಿಲ್ಲ. ಸತತ ನಾಲ್ಕು ತಿಂಗಳು ಒಂದೇ ಕಡೆಗೆ ತಪ್ಪಿದರೆ ಯಾರೋ ಆಸೆಯನ್ನು ಅಂದಾಜಿಗೆ ಬೆರೆಸುತ್ತಿದ್ದಾರೆಂದು ಅರ್ಥ. ಹೀಗೆ ಒಂದು ವರ್ಷ ನಡೆಸಿದ ಮೇಲೆ ತಂತ್ರಾಂಶದವರನ್ನು ಕರೆಸಿ, ಅದೇ ಹಾಳೆಯನ್ನು ಅವರ ಮುಂದಿಟ್ಟು, ಇದಕ್ಕಿಂತ ಎಷ್ಟು ಉತ್ತಮವಾಗಿ ಹೇಳಬಲ್ಲಿರಿ ಎಂದು ಕೇಳಬಹುದು. ಸದ್ಯಕ್ಕೆ ಆ ಮೂರೂವರೆ ಲಕ್ಷವನ್ನು ಮೆಟ್ಫಾರ್ಮಿನ್ ಕಚ್ಚಾವಸ್ತುವಿನ ಮುಂಗಡಕ್ಕೆ ಕಟ್ಟಿ, ಈ ವಾರವೇ.